ಪ್ಲಾನ್ ಬದಲಾಯಿಸುವ ಮೊದಲು ಆ ವೈರ್ ಕಡೆ ಒಂಚೂರು ನೋಡಿ

ಚಿಕ್ಕಪ್ಪನ ಮನೆಯಿಂದ ಈಗಷ್ಟೇ ಬಂದೆ. ತಲೆ ಕೆಟ್ಟಿದೆ. ಇಲ್ಲಿ ಬರೆದು ಹಾಕದಿದ್ದರೆ ನಿದ್ದೆ ಬರುವುದಿಲ್ಲ.

ಅವರ ಮನೆಯಲ್ಲಿ 100 ಎಂಬಿಪಿಎಸ್ (ಅಂದರೆ ಸೆಕೆಂಡಿಗೆ 100 ಮೆಗಾಬಿಟ್) ಇಂಟರ್ನೆಟ್ ಪ್ಲಾನ್ ಇತ್ತು. ಡೌನ್‌ಲೋಡ್ ನಿಧಾನ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರು. "ರೌಟರ್ ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದರು. ಏನೂ ಆಗಲಿಲ್ಲ. "ಹಾಗಾದರೆ 300ರ ಪ್ಲಾನ್ ತಗೊಳ್ಳಿ ಸರ್." ತಗೊಂಡರು. ಸ್ಪೀಡ್ ಟೆಸ್ಟ್‌ನಲ್ಲಿ ಮೊದಲೂ 94, ಈಗಲೂ 94. ಮತ್ತೆ ಫೋನ್ ಮಾಡಿದ್ದಕ್ಕೆ ಸಿಕ್ಕ ಉತ್ತರ ಏನು ಗೊತ್ತಾ? "500ಕ್ಕೆ ಹೋಗಿಬಿಡಿ ಸರ್." ಭೇಷ್!

ನನ್ನ ಹೊಟ್ಟೆಪಾಡೇ ಈ ನೆಟ್‌ವರ್ಕ್ ಕೆಲಸ. ಆ 94 ನೋಡಿದ ಕೂಡಲೇ ನನ್ನ ಕಣ್ಣು ಹೋಗಿದ್ದು ವೈರ್ ಮೇಲೆ. ನೆಟ್‌ವರ್ಕ್ ಕೇಬಲ್ ಒಳಗೆ ಎಂಟು ಸಣ್ಣ ತಂತಿಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಸಂಪರ್ಕ ನಿಲ್ಲುವುದಿಲ್ಲ. ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಅದರಲ್ಲೂ ಡೇಟಾ ಪ್ಯಾಕೆಟ್‌ಗಳ ಮೇಲಿನ ವಿಳಾಸ, ಲೆಕ್ಕ ಎಲ್ಲ ಕಳೆದು ಕೈಗೆ ಸಿಗುವುದು 94ರ ಆಸುಪಾಸು. ಇನ್ನು ನೀವು ಸಾವಿರದ ಪ್ಲಾನ್ ಹಾಕಿಸಿದರೂ ಅಷ್ಟೇ.

ಕಂಪನಿಯ ಲೈನ್ ಬಂದು ಸೇರುವ ಫೈಬರ್ ಡಬ್ಬದಿಂದ ರೌಟರ್‌ಗೆ ಹೋಗುವ ಆ ಗೇಣುದ್ದದ ಕೇಬಲ್ ಕಿತ್ತು ನೋಡಿದೆ. ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಪಿನ್ನಿನ ಒಳಗೆ ಕಂದು ಬಣ್ಣದ ತಂತಿ (ಆ ಉಳಿದ ನಾಲ್ಕರಲ್ಲೊಂದು) ತುದಿಯವರೆಗೆ ಬಂದೇ ಇರಲಿಲ್ಲ. ನನ್ನ ಬ್ಯಾಗಿನಲ್ಲಿದ್ದ ಕೇಬಲ್ ಹಾಕಿ, ಲ್ಯಾಪ್‌ಟಾಪ್‌ಗೂ ರೌಟರ್‌ನಿಂದ ನೇರ ಇನ್ನೊಂದು ಎಳೆದು ಟೆಸ್ಟ್ ಮಾಡಿದರೆ 290 ದಾಟಿತು. (ಹೌದು, ಬ್ಯಾಗಿನಲ್ಲಿ ಯಾವಾಗಲೂ ಕೇಬಲ್ ಇಟ್ಟುಕೊಂಡೇ ಓಡಾಡುತ್ತೇನೆ. ಯಾರ ಮನೆಗೆ ಹೋದರೂ ಮೊದಲು ಹುಡುಕುವುದು ರೌಟರ್ ಎಲ್ಲಿದೆ ಅಂತ. ನನ್ನ ಹೆಂಡತಿ ಇದಕ್ಕೆ ಇಟ್ಟಿರುವ ಹೆಸರು ಇಲ್ಲಿ ಬರೆಯುವ ಹಾಗಿಲ್ಲ.)

ಚಿಕ್ಕಪ್ಪ ಕೇಳಿದರು, "ಇಷ್ಟೇನಾ? ಮತ್ತೆ ಅವನು ಯಾಕೋ ಇದನ್ನ ಹೇಳಲಿಲ್ಲ?"

ಅದೇ ನನ್ನ ಹೊಟ್ಟೆಉರಿ. "ಒಂದ್ಸಲ ಕೇಬಲ್ ಹಾಕಿ ಟೆಸ್ಟ್ ಮಾಡಿ ನೋಡಿ" ಅಂತ ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಕೇಬಲ್‌ನಲ್ಲಿ ಪೂರ್ತಿ ವೇಗ ಬಂದು ವೈಫೈನಲ್ಲಿ ಬರದಿದ್ದರೆ ಕಾಯಿಲೆ ಮನೆಯೊಳಗಿದೆ. ಕೇಬಲ್‌ನಲ್ಲೂ ಬರದಿದ್ದರೆ ಆ ಕೇಬಲ್, ಫೈಬರ್ ಡಬ್ಬದಿಂದ ರೌಟರ್‌ಗೆ ಹೋಗುವ ಕೇಬಲ್ ಎರಡನ್ನೂ ಬದಲಾಯಿಸಿ ಇನ್ನೊಮ್ಮೆ ನೋಡಿ. ಆಗಲೂ ಬರದಿದ್ದರೆ ಬೈಯಲು ಶುರು ಮಾಡಿ, ನಾನೂ ಜೊತೆಗೆ ಬರುತ್ತೇನೆ. ಇದನ್ನು ಬಿಟ್ಟು ಆಫ್ ಆನ್, ಆಫ್ ಆನ್. ಆಮೇಲೆ ಪ್ಲಾನ್!

ಜನರೂ ಕಡಿಮೆ ಇಲ್ಲ ಬಿಡಿ. ರೌಟರ್ ನೋಡಲು ಚೆನ್ನಾಗಿಲ್ಲ ಅಂತ ಕಬ್ಬಿಣದ ಬೀರುವಿನೊಳಗೆ ಇಟ್ಟು ಬಾಗಿಲು ಹಾಕುತ್ತಾರೆ. ಆಮೇಲೆ ಮೂರು ಗೋಡೆ ಆಚೆಯ ಕೋಣೆಯಲ್ಲಿ ಕೂತು ಸಿಗ್ನಲ್ ಇಲ್ಲ ಅಂತ ಗೋಳು. ಇನ್ನು ಕೆಲವರ ಲ್ಯಾಪ್‌ಟಾಪ್ ರೌಟರ್ ಪಕ್ಕದಲ್ಲೇ ಇದ್ದರೂ ವೈಫೈನ ನಿಧಾನದ ದಾರಿಯಾದ 2.4 ಗಿಗಾಹರ್ಟ್ಸ್‌ನಲ್ಲೇ ಅಂಟಿಕೊಂಡಿರುತ್ತದೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಂದರೆ 1, 6, 11, ಅಷ್ಟೇ. ಅಕ್ಕಪಕ್ಕದ ಮನೆಯವರ ವೈಫೈ ಎಲ್ಲ ಅದರಲ್ಲೇ ನುಗ್ಗಾಡುತ್ತಿರುತ್ತದೆ. ಸಾಲದ್ದಕ್ಕೆ ಮೈಕ್ರೋವೇವ್ ಓವನ್ ಬೇರೆ ಅದೇ ಜಾಗದಲ್ಲಿ ಗಲಾಟೆ ಮಾಡುತ್ತದೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ಅಂದರೆ "ಅದು ಗೋಡೆ ದಾಟಲ್ಲ" ಅನ್ನುತ್ತಾರೆ. ಪಕ್ಕದಲ್ಲೇ ಕೂತಿದ್ದೀರಲ್ಲ ಸ್ವಾಮಿ, ಯಾವ ಗೋಡೆ ದಾಟಬೇಕು? ದೂರದ ಕೋಣೆಗೆ ಅಂತ ಅಗ್ಗದ ರಿಪೀಟರ್ ತರುವವರಿಗೂ ಒಂದು ಮಾತು. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುವ ರಿಪೀಟರ್ ಆದರೆ ವೇಗ ಹೆಚ್ಚು ಕಡಿಮೆ ಅರ್ಧಕ್ಕೆ ಬೀಳುತ್ತದೆ. ಅಲ್ಲಿಗೂ ಕೇಬಲ್ ಎಳೆಯುವುದೇ ವಾಸಿ.

"100ರ ಪ್ಲಾನ್‌ನಲ್ಲಿ ಫೈಲ್ ಬರೀ 12 ಎಂಬಿಯಲ್ಲಿ ಇಳಿಯುತ್ತಿದೆ, ಮೋಸ" ಅನ್ನುವವರೇ, ಪ್ಲಾನ್ ಲೆಕ್ಕ ಬಿಟ್‌ಗಳಲ್ಲಿ, ಫೈಲ್ ಲೆಕ್ಕ ಬೈಟ್‌ಗಳಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಭಾಗಿಸಿ ನೋಡಿ, ನಿಮಗೆ ಸರಿಯಾಗೇ ಸಿಗುತ್ತಿದೆ. ಡಿಎನ್‌ಎಸ್ ಬದಲಾಯಿಸಿದರೆ ಡೌನ್‌ಲೋಡ್ ಹಾರುತ್ತದೆ ಅನ್ನುವ ಪಂಡಿತರೇ, ಅದು ಸೈಟಿನ ವಿಳಾಸ ಹುಡುಕಿಕೊಡುತ್ತದೆ. ಫೈಲ್ ಹೊತ್ತು ತರುವುದು ಅದರ ಕೆಲಸ ಅಲ್ಲ.

ಈಗ ಯಾರಾದರೂ ಕೇಳೇ ಕೇಳುತ್ತೀರಿ, "ಹಾಗಾದರೆ ಕಂಪನಿಯವರೆಲ್ಲ ಸಾಚಾಗಳಾ? ರಾತ್ರಿ ಎಲ್ಲರೂ ವಿಡಿಯೋ ನೋಡುವ ಹೊತ್ತಿಗೆ ವೇಗ ಬೀಳುವುದಿಲ್ಲವಾ?" ಬೀಳುತ್ತದೆ. ಒಂದೇ ಲೈನನ್ನು ಮಿತಿಮೀರಿ ಹಂಚಿದರೆ ಬೀಳಲೇಬೇಕು. ಆದರೆ ಅದು ನಿಮ್ಮ ಮನೆಯಲ್ಲಿ ಆಗುತ್ತಿದೆ ಅಂತ ಹೇಗೆ ಗೊತ್ತಾಯಿತು? ವೈಫೈನಲ್ಲಿ ನೋಡಿ ದೂರು ಕೊಟ್ಟರೆ ಅವರು "ನಿಮ್ಮ ವೈಫೈ ಸರಿ ಇಲ್ಲ" ಅಂದು ಕೈ ತೊಳೆದುಕೊಳ್ಳುತ್ತಾರೆ. ಕೇಬಲ್ ಹಾಕಿ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ಅಳೆದು, ಸ್ಕ್ರೀನ್‌ಶಾಟ್ ಮುಂದಿಟ್ಟು ಜಗಳಕ್ಕೆ ನಿಲ್ಲಿ. ಆಗ ಅವರ ಹತ್ತಿರ ಮಾತಿರುವುದಿಲ್ಲ. ಅಳೆಯುವಾಗ ಮನೆಯ ಫೋನುಗಳು ಫೋಟೋ, ವಿಡಿಯೋ ಬ್ಯಾಕಪ್ ಮಾಡುತ್ತಿಲ್ಲ ತಾನೇ ಅಂತ ನೋಡಿಕೊಳ್ಳಿ. ಬಂದ ಡೇಟಾಗೆ "ತಲುಪಿತು" ಅಂತ ವಾಪಸ್ ಹೇಳುವುದು ಅಪ್‌ಲೋಡ್ ದಾರಿಯಲ್ಲೇ. ಆ ದಾರಿ ತುಂಬಿಹೋದರೆ ಡೌನ್‌ಲೋಡ್ ಕೂಡ ಕುಂಟುತ್ತದೆ.

ಕೇಬಲ್ ತರಲು ಅಂಗಡಿಗೆ ಹೋಗುವವರು ಕ್ಯಾಟ್ 5ಇ ಅಥವಾ ಕ್ಯಾಟ್ 6 (ಇವು ಕೇಬಲ್‌ನ ದರ್ಜೆಗಳು) ಅಂತ ಕೇಳಿ. ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ 5ಇ ಕೂಡ ಆರಾಮಾಗಿ ಒಯ್ಯುತ್ತದೆ. ಕ್ಯಾಟ್ 8 ತಗೊಳ್ಳಿ, ಗೇಮಿಂಗ್‌ಗೆ ಚಿನ್ನದ ಪಿನ್ ಬೇಕು ಅಂತ ಯಾರಾದರೂ ಶುರು ಮಾಡಿದರೆ ಸುಮ್ನೆ ಎದ್ದು ಬನ್ನಿ.