ನಮ್ಮಮ್ಮ ಎದುರಿಗೇ ಇದ್ದಾರೆ, ಅವರನ್ನೇ ಕೇಳ್ರೀ!

ಬೆಂಗಳೂರಲ್ಲಿ ತಲೆ ಬೆಳ್ಳಗಾದರೆ ಸಾಕು, ಮನುಷ್ಯರು ಜನರ ಕಣ್ಣಿಗೆ ಕಾಣುವುದೇ ನಿಂತುಹೋಗುತ್ತದೆ. ಔಷಧಿ ಅಂಗಡಿ, ಕ್ಲಿನಿಕ್, ಬ್ಯಾಂಕ್, ಎಲ್ಲೇ ಹೋಗಲಿ, ಪ್ರಶ್ನೆ ಕೇಳುವುದು ಅಮ್ಮ, ಉತ್ತರ ಬರುವುದು ನನ್ನ ಕಡೆಗೆ. "ಅವರಿಗೆ ಶುಗರ್ ಇದೆಯಾ?" ಅಂತ ನನ್ನನ್ನು ಕೇಳುತ್ತಾರೆ. ಶುಗರ್ ಇರುವುದು ಅವರಿಗೆ, ಬಾಯಿ ಇರುವುದೂ ಅವರಿಗೇ. ನನ್ನನ್ನು ಯಾಕ್ರೀ ಕೇಳ್ತೀರಿ?

ಹೋದ ನವೆಂಬರ್ ಕಥೆ ಹೇಳುತ್ತೇನೆ. ಪಿಂಚಣಿ ಬರುವವರು ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡಬೇಕಲ್ವಾ, ಅದಕ್ಕೆ ಬಸವನಗುಡಿ ಕಡೆಯ ಒಂದು ಬ್ಯಾಂಕಿಗೆ ಹೋದೆವು. ಅಮ್ಮ ಯಂತ್ರದ ಮೇಲೆ ಬೆರಳಿಟ್ಟರು. ತಗೊಳ್ಳಲಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಇಟ್ಟರು. ಬೇರೆ ಬೆರಳು ಇಟ್ಟರು. ಊಹೂಂ. ಕೌಂಟರ್‌ನ ಹುಡುಗ ನನ್ನ ಕಡೆ ತಿರುಗಿದ. "ಸಾರ್, ಅಜ್ಜಿಗೆ ಸ್ವಲ್ಪ ಗಟ್ಟಿಯಾಗಿ ಒತ್ತೋಕೆ ಹೇಳಿ. ಅರ್ಥ ಆಗ್ತಿಲ್ಲ ಅನ್ಸುತ್ತೆ."

ಜೀವನವೆಲ್ಲ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರಿಗೆ "ಒತ್ತಿ" ಅಂದರೆ ಅರ್ಥ ಆಗಲ್ವಂತೆ!

ವಯಸ್ಸಾದಂತೆ ಬೆರಳಿನ ಗೆರೆ ಸವೆಯುತ್ತದೆ, ಯಂತ್ರ ಅದನ್ನು ಓದುವುದಿಲ್ಲ. ಮೊಬೈಲ್‌ಗೆ ಮುಖ ತೋರಿಸಿ ಸರ್ಟಿಫಿಕೇಟ್ ಮಾಡಿಸುವ ವ್ಯವಸ್ಥೆ 2021ರಿಂದಲೇ ಇದೆ. ಅಮ್ಮನಿಗೆ ಅದು ಗೊತ್ತಿತ್ತು. "ಮುಖ ತೋರಿಸಿಯೂ ಮಾಡಬಹುದಲ್ಲಪ್ಪಾ" ಅಂದರು. ಅವನು ಕೇಳಿಸಿಕೊಳ್ಳಲೇ ಇಲ್ಲ. ಅದೇ ಮಾತನ್ನು ನಾನು ಹೇಳಿದೆ. "ಹೌದಾ ಸಾರ್, ಟ್ರೈ ಮಾಡೋಣ" ಅಂದ! ಬದುಕಿದ್ದೇನೆ ಅಂತ ತೋರಿಸೋಕೆ ಬಂದವರನ್ನು, ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ನಡೆಸಿಕೊಂಡರು. ಹಿರಿಯರಿಗೆ ಬೇರೆ ಕೌಂಟರ್ ಇಡಿ, ಇಲ್ಲವೇ ಆದ್ಯತೆ ಕೊಡಿ, 70 ದಾಟಿದವರಿಗೆ ಮನೆಗೇ ಹೋಗಿ ಸೇವೆ ಕೊಡಿ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಇಲ್ಲಿ ಬೋರ್ಡೇನೋ ಇತ್ತು. ಅದರ ಕೆಳಗಿನ ಕುರ್ಚಿಯಲ್ಲಿ ಪ್ರಿಂಟರ್ ಪೇಪರಿನ ಬಂಡಲ್ ಕೂತಿತ್ತು.

ಬಸ್ಸಿನ ಮಾತಂತೂ ಬೇಡ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವಯಸ್ಸಾದ ಹೆಂಗಸರು ಹತ್ತಿದರೆ "ಫ್ರೀ ಅಂತ ಊರು ಸುತ್ತೋಕೆ ಹೊರಟಿದ್ದಾರೆ" ಅಂತ ಗೊಣಗಾಟ. ಸುತ್ತಲಿ ಬಿಡ್ರೀ. ಇಷ್ಟು ವರ್ಷ ಒಲೆ ಸುತ್ತಿದ್ದು ಸಾಲದಾ? ಗಂಡಸರಿಗೆ 60 ಆದ ಮೇಲೆ ಬಿಎಂಟಿಸಿಯಲ್ಲಿ ಶೇ 25 ರಿಯಾಯಿತಿ ಇದೆ. ಗುರುತಿನ ಚೀಟಿ ತೆಗೆದು ಕೇಳಿ ನೋಡಿ, ಹಿಂದೆ ನಿಂತವರ ಮುಖ ಹೇಗಾಗುತ್ತದೆ ಅಂತ.

ಹೊರಗಿನವರನ್ನು ಸುಮ್ನೆ ಯಾಕೆ ಬೈಯಬೇಕು, ನಮ್ಮವರೇನೂ ಕಡಿಮೆ ಇಲ್ಲ. ಅಮ್ಮ ಗುಲಾಬಿ ಬಣ್ಣದ ಮೈಸೂರು ಸಿಲ್ಕ್ ಸೀರೆ ತಗೊಂಡರು. "ಈ ವಯಸ್ಸಲ್ಲಿ ಈ ಬಣ್ಣ ಬೇಕಿತ್ತಾ ಅತ್ತೆ?" ಅಂತ ಅವರ ಸೋದರಸೊಸೆ. ಯಾರದೋ ಹೆಸರು ಒಂದು ಸಲ ಮರೆತರೆ "ಅರವತ್ತಕ್ಕೆ ಅರಳುಮರಳು" ಅಂತ ನಗು. ಅದೇ ಸೋದರಸೊಸೆ ಮೊಬೈಲ್ ಎಲ್ಲಿಟ್ಟೆ ಅಂತ ದಿನಾ ಮನೆಯೆಲ್ಲ ಹುಡುಕುತ್ತಾಳೆ, ಅದಕ್ಕೆ ಯಾವ ಗಾದೆಯೂ ಇಲ್ಲ. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಅವರಿಗೆ 63. ದೇಶ ನಡೆಸೋಕೆ ಅಡ್ಡ ಬರದ ವಯಸ್ಸು ಸೀರೆ ಬಣ್ಣಕ್ಕೆ ಅಡ್ಡ ಬರುತ್ತಾ?

ಕೌಂಟರ್ ಹಿಂದೆ ಕೂತಿರುವ ಸ್ವಾಮಿಗಳೇ, ನಿಮ್ಮ ದಯೆ ಯಾರಿಗೂ ಬೇಕಾಗಿಲ್ಲ. "ಅಜ್ಜೀ, ಅಜ್ಜೀ" ಅಂತ ಮಗುವಿನ ಹಾಗೆ ಮುದ್ದು ಮಾಡುವುದೂ ಬೇಡ. ಅವರ ಕಡೆ ತಿರುಗಿ ಕೇಳಿ, ಸಾಕು. ಕಿವಿಗೆ ಬೀಳದಿದ್ದರೆ ಅವರೇ "ಆಂ?" ಅನ್ನುತ್ತಾರೆ, ಆಗ ಇನ್ನೊಂದು ಸಲ ಹೇಳಿ. ನಾನು ಜೊತೆಗೆ ಬಂದಿರುವುದು ಆಟೋ ಹಿಡಿಯೋಕೆ, ಅವರ ಪರವಾಗಿ ವಕಾಲತ್ತು ಮಾಡೋಕಲ್ಲ.