ರಿಪೇರಿ ಸ್ಟ್ಯಾಂಡು ನಿಮ್ಮ ಸೈಕಲನ್ನು ಹಿಡಿಯುವುದೆಲ್ಲಿ?

ಮನೆಯಲ್ಲೇ ಸೈಕಲ್ ರಿಪೇರಿ ಮಾಡಿಕೊಳ್ಳಲು ಯಾವ ಸ್ಟ್ಯಾಂಡ್ ಒಳ್ಳೆಯದು ಎಂದು ಗೆಳೆಯರು ಕೇಳಿದಾಗಲೆಲ್ಲ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಸೈಕಲನ್ನು ಎಲ್ಲಿ ಹಿಡಿಯಬಹುದು? ಇಂಥ ಸ್ಟ್ಯಾಂಡು ಸಾಮಾನ್ಯವಾಗಿ ಕ್ಲ್ಯಾಂಪ್ ಎಂಬ ದವಡೆಯಿಂದ ಸೈಕಲನ್ನು ಕಚ್ಚಿ ನೆಲದಿಂದ ಎತ್ತಿ ಹಿಡಿಯುತ್ತದೆ. ಸ್ಟ್ಯಾಂಡಿನ ಎತ್ತರ, ತೂಕ, ಅದು ಹೊರುವ ಭಾರ ಎಲ್ಲವನ್ನೂ ಹೋಲಿಸಿ ನೋಡಿರುವವರು ತಮ್ಮದೇ ಸೈಕಲಿನ ಸೀಟನ್ನು ಹೊತ್ತ ಕಂಬ, ಅಂದರೆ ಸೀಟ್‌ಪೋಸ್ಟ್, ದುಂಡಗಿದೆಯೋ ಚಪ್ಪಟೆಯಾಗಿದೆಯೋ ಎಂಬುದನ್ನು ನೋಡಿರುವುದಿಲ್ಲ.

ನಾನೂ ನೋಡಿರಲಿಲ್ಲ. ನನ್ನ ಹಳೆಯ ಅಲ್ಯೂಮಿನಿಯಂ ಸೈಕಲಿನ ಸೀಟನ್ನು ತೀರಾ ಕೆಳಕ್ಕೆ ಇಳಿಸಿಕೊಂಡಿದ್ದೆನಾದ್ದರಿಂದ ಕ್ಲ್ಯಾಂಪಿಗೆ ಹಿಡಿಯಲು ಅಲ್ಲಿ ಎರಡು ಬೆರಳಿನಷ್ಟೂ ಜಾಗವಿರಲಿಲ್ಲ. ಹಿಂದುಮುಂದು ಯೋಚಿಸದೆ ಸೀಟಿನ ಕಡೆಯಿಂದ ಹ್ಯಾಂಡಲಿನ ಕಡೆಗೆ ಹೋಗುವ ಮೇಲಿನ ಕೊಳವೆ, ಅಂದರೆ ಟಾಪ್ ಟ್ಯೂಬನ್ನೇ ದವಡೆಯೊಳಗೆ ಕೊಟ್ಟು, ಸೈಕಲ್ ಜಾರಬಾರದೆಂದು ಇನ್ನೊಂದು ಸುತ್ತು ಬಿಗಿದೆ. ಸದ್ದೇನೂ ಆಗಲಿಲ್ಲ, ಕೈಗೆ ಮಾತ್ರ ಏನೋ ಸಡಿಲವಾದಂತೆ ಅನಿಸಿತು, ಅಷ್ಟೆ. ಬಿಚ್ಚಿ ನೋಡಿದರೆ ಹೆಬ್ಬೆರಳು ಕೂರುವಷ್ಟು ನಗ್ಗು. ಬಣ್ಣ ಹೋಗಿಲ್ಲದ ಕಾರಣ ಅದು ದೂರಕ್ಕೆ ಕಾಣುವುದಿಲ್ಲ, ಆದರೆ ಸೈಕಲ್ ಒರೆಸುವಾಗ ಬಟ್ಟೆ ಪ್ರತಿಸಲವೂ ಅಲ್ಲಿ ಒಮ್ಮೆ ತಡೆದೇ ಮುಂದೆ ಹೋಗುತ್ತದೆ. ಹಗುರವಾದ ಫ್ರೇಮುಗಳ ಕೊಳವೆಗಳು ಅನೇಕ ವೇಳೆ ಎರಡು ತುದಿಗಳಲ್ಲಿ ದಪ್ಪವಾಗಿದ್ದು ನಡುವೆ ತೆಳ್ಳಗಿರುತ್ತವೆ. ಸವಾರಿಯ ಭಾರವನ್ನು ಲೀಲಾಜಾಲವಾಗಿ ಹೊರುವ ಆ ಕೊಳವೆಗೆ ಎರಡು ಪಕ್ಕದಿಂದ ಹಿಸುಕಿದರೆ ತಡೆಯುವ ಶಕ್ತಿಯಿಲ್ಲ. ಕಾರ್ಬನ್ ಫ್ರೇಮಾದರೆ ನಗ್ಗುವುದರ ಬದಲು ಸೀಳೇ ಬರಬಹುದು.

ಆದ್ದರಿಂದ ಕ್ಲ್ಯಾಂಪ್ ಸ್ಟ್ಯಾಂಡ್ ಕೊಳ್ಳುವವರು ಹಿಡಿಯಬೇಕಾದ್ದು ಸೀಟ್‌ಪೋಸ್ಟನ್ನು, ಅದೂ ದುಂಡಗಿನ ಲೋಹದ ಪೋಸ್ಟಾದರೆ ಚಿಂತೆಯೇ ಇಲ್ಲ. ಪೋಸ್ಟ್ ಸಾಕಷ್ಟು ಹೊರಗೆ ಕಾಣದಿದ್ದರೆ, ಈಗಿರುವ ಎತ್ತರಕ್ಕೆ ಒಂದು ಟೇಪು ಸುತ್ತಿ ಗುರುತು ಮಾಡಿಕೊಂಡು, ಪೋಸ್ಟಿನ ಮೇಲೆಯೇ ಕೊರೆದಿರುವ ಮಿತಿಯ ಗೆರೆ ದಾಟದಂತೆ ಮೇಲೆತ್ತಿ ಹಿಡಿಸಬಹುದು. ಕಾರ್ಬನ್ ಪೋಸ್ಟ್ ಇರುವವರು ಅದೇ ಅಳತೆಯ ಹಳೆಯ ಅಲ್ಯೂಮಿನಿಯಂ ಪೋಸ್ಟೊಂದನ್ನು ರಿಪೇರಿಗೆಂದೇ ಇಟ್ಟುಕೊಳ್ಳುವುದು ನನಗೆ ಗೊತ್ತಿರುವ ಅತ್ಯಂತ ಸುಲಭದ ಉಪಾಯ. ದವಡೆಯ ರಬ್ಬರಿಗೆ ಮರಳು ಅಂಟಿದ್ದರೆ ಮೊದಲು ಒರೆಸಿ. ಬಿಗಿಯುವ ಬಗೆಯಲ್ಲಿ, ಲಿವರನ್ನು ಒಮ್ಮೆಲೇ ಮಡಚಿ ಹಿಡಿಸುವುದಕ್ಕಿಂತ ತಿರುಪು ತಿರುಗಿಸುತ್ತಾ ನಿಧಾನಕ್ಕೆ ಬಿಗಿಯುವುದೇ ಮನೆಗೆ ಮೇಲು, ಏಕೆಂದರೆ ಎಷ್ಟು ಬಿಗಿಯಾಯಿತೆಂಬುದು ಬೆರಳಿಗೆ ತಿಳಿಯುತ್ತದೆ. ದಿನಕ್ಕೆ ಇಪ್ಪತ್ತು ಸೈಕಲ್ ಏರಿಸಿ ಇಳಿಸುವ ಅಂಗಡಿಯವರ ಅವಸರ ನಮಗಿಲ್ಲವಲ್ಲ.

ಇಷ್ಟಕ್ಕೂ ಸ್ಟ್ಯಾಂಡ್ ಬೇಕೇ, ಸೈಕಲನ್ನು ಬೋರಲು ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಪಂಕ್ಚರ್ ಹಾಕಲು ಧಾರಾಳವಾಗಿ ಆಗುತ್ತದೆ. ಹೈಡ್ರಾಲಿಕ್ ಬ್ರೇಕ್ ಇದ್ದರೆ ಮಾತ್ರ, ಬ್ರೇಕ್ ಲಿವರಿನ ಎಣ್ಣೆಗೂಡಿನಲ್ಲಿ ಮೇಲೆ ನಿಂತಿದ್ದ ಗಾಳಿಯ ಗುಳ್ಳೆ ಪೈಪಿನೊಳಗೆ ನುಸುಳಿ ಬ್ರೇಕ್ ಮೆತ್ತಗಾಗುವ ಸಂಭವವಿದೆ. ಗೇರ್ ಹೊಂದಿಸುವ ಕೆಲಸವಂತೂ ಬೇರೆಯೇ ಬಗೆಯದು: ಒಂದು ಕೈ ಪೆಡಲನ್ನು ಮುಂದಕ್ಕೆ ಸುತ್ತುತ್ತಿರಬೇಕು, ಇನ್ನೊಂದು ಕೈ ಗೇರ್ ಬದಲಿಸಿ, ಗೇರ್ ತಂತಿಯ ಬಿಗಿ ಹೊಂದಿಸುವ ತಿರುಪು, ಅಂದರೆ ಬ್ಯಾರಲ್ ಅಡ್ಜಸ್ಟರನ್ನು ಕಾಲು ಸುತ್ತಿನಷ್ಟೇ ತಿರುಗಿಸಿ, ಚೈನಿನ ಕಿರಿಕಿರಿ ನಿಂತಿತೇ ಎಂದು ಕಿವಿಗೊಟ್ಟು, ಮತ್ತೆ ಕಾಲು ಸುತ್ತು ತಿರುಗಿಸಬೇಕು. ಸ್ಟ್ಯಾಂಡಿಲ್ಲದೆ ಸೈಕಲನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಇದನ್ನು ಮಾಡುವುದಾದರೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯಲು ಮೂರನೆಯ ಕೈ ಬೇಕಾಗುತ್ತದೆ. ಇಂದು ಸೈಕಲ್ ಸಲಕರಣೆಗಳಿಗೆ ಹೆಸರಾದ ಪಾರ್ಕ್ ಟೂಲ್ ಕಂಪನಿ 1963ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಹುಟ್ಟಿದ್ದು ಕೂಡ ಸೈಕಲ್ ಅಂಗಡಿಯ ಇಬ್ಬರು ಮಾಲೀಕರು ಬಗ್ಗಿ ಕೆಲಸ ಮಾಡಿ ಬೇಸತ್ತು ತಮಗಾಗಿ ಮಾಡಿಕೊಂಡ ಒಂದು ಸ್ಟ್ಯಾಂಡಿನಿಂದಲೇ.

ಸೀಟ್‌ಪೋಸ್ಟನ್ನು ಹಿಡಿಯಲಾಗದ ಸೈಕಲುಗಳಿಗೆ, ಅಂದರೆ ಚಪ್ಪಟೆ ಪೋಸ್ಟಿನ ರೇಸ್ ಸೈಕಲುಗಳಿಗೆ, ರೇಸ್ ತಂಡಗಳ ಮೆಕ್ಯಾನಿಕ್‌ಗಳು ಬಳಸುವ ಇನ್ನೊಂದು ಜಾತಿಯ ಸ್ಟ್ಯಾಂಡಿದೆ. ಅದರಲ್ಲಿ ಮುಂದಿನ ಚಕ್ರ ಬಿಚ್ಚಿ ಫೋರ್ಕನ್ನು ಒಂದು ತುದಿಗೆ ಸಿಕ್ಕಿಸುತ್ತಾರೆ, ಪೆಡಲ್ ತೋಳುಗಳ ಅಚ್ಚು ಕೂರುವ ಫ್ರೇಮಿನ ತಳ, ಅಂದರೆ ಬಾಟಮ್ ಬ್ರಾಕೆಟ್, ಒಂದು ತೊಟ್ಟಿಲಿನ ಮೇಲೆ ಕೂರುತ್ತದೆ, ಫ್ರೇಮನ್ನು ಯಾರೂ ಹಿಸುಕುವುದಿಲ್ಲ. ಸೈಕಲ್ ಅಲುಗಾಡದೆ ನಿಲ್ಲುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಮುಂದಿನ ಚಕ್ರವೇ ಇಲ್ಲದ ಮೇಲೆ ಮುಂದಿನ ಡಿಸ್ಕ್ ಬ್ರೇಕ್ ಸರಿಹೊಂದಿಸುವುದು ಹೇಗೆ? ಗೇರ್ ತಂತಿಗಳು ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಹಾದುಹೋಗುವ ಸೈಕಲಾದರೆ ತೊಟ್ಟಿಲು ಅವನ್ನೇ ಒತ್ತಿ ಹಿಡಿಯುವುದೂ ಉಂಟು. ಫೋರ್ಕಿನ ಆಕ್ಸಲ್ 9 ಮಿ.ಮೀ. ಇದೆಯೋ, 12 ಇದೆಯೋ, 15 ಇದೆಯೋ ನೋಡಿಕೊಂಡು, ಅದಕ್ಕೆ ತಕ್ಕ ಅಡಾಪ್ಟರ್ ಜೊತೆಗೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಚೈನು ತೊಳೆದು ಎಣ್ಣೆ ಹಾಕುವುದಷ್ಟೇ ನಿಮ್ಮ ಕೆಲಸವಾದರೆ ಹಿಂದಿನ ಚಕ್ರವನ್ನು ಮಾತ್ರ ಎತ್ತಿ ಹಿಡಿಯುವ ಗಿಡ್ಡ ಸ್ಟ್ಯಾಂಡ್ ಸಾಕು; ಮಂಡಿಯೂರಿ ಕೂರುವುದಕ್ಕೆ ಬೇಸರವಿರಬಾರದು, ಅಷ್ಟೆ. ಬ್ಯಾಟರಿ ಮತ್ತು ಮೋಟಾರ್ ಜೋಡಿಸಿದ ಸೈಕಲುಗಳು, ಅಂದರೆ ಈಗಿನ ಇ-ಬೈಕುಗಳು, 20–25 ಕಿಲೋ ತೂಗುವುದು ಸಾಮಾನ್ಯವಾದ್ದರಿಂದ ಸ್ಟ್ಯಾಂಡಿನ ಭಾರದ ಮಿತಿ ಅವುಗಳ ವಿಷಯದಲ್ಲಿ ನಿಜಕ್ಕೂ ಮುಖ್ಯ; ಬ್ಯಾಟರಿ ಬಿಚ್ಚಿಯೇ ಏರಿಸುವುದು ಸೊಂಟಕ್ಕೂ ಒಳ್ಳೆಯದು.

ಕಾಲುಗಳ ಬಗ್ಗೆ ನನ್ನ ಒಲವು ಮುಕ್ಕಾಲಿಯ ಕಡೆಗೆ. ನೆಲ ಏರುಪೇರಾಗಿದ್ದರೂ ಮೂರು ಕಾಲು ಗಡಗಡ ಎನ್ನುವುದಿಲ್ಲ. ಆದರೆ ಕ್ಲ್ಯಾಂಪ್ ಚಾಚಿರುವ ದಿಕ್ಕಿಗೆ ಒಂದು ಕಾಲು ಇರಲೇಬೇಕು, ಇಲ್ಲದಿದ್ದರೆ ಸೈಕಲಿನ ಭಾರಕ್ಕೆ ಸ್ಟ್ಯಾಂಡ್ ಮುಗ್ಗರಿಸುತ್ತದೆ. ಎತ್ತರವೆಷ್ಟು ಎಂಬುದಕ್ಕೆ ಅಳತೆಪಟ್ಟಿ ಬೇಡ. ನೀವು ನೆಟ್ಟಗೆ ನಿಂತಾಗ ಚೈನು ಹೊಟ್ಟೆಯ ಮಟ್ಟಕ್ಕೆ ಬಂದರಾಯಿತು.

ಯಾವ ಸ್ಟ್ಯಾಂಡ್ ತಂದರೂ ಪೆಡಲ್ ಬಿಚ್ಚುವ ಕೆಲಸವನ್ನು ಅದರ ಮೇಲೆ ಮಾಡಬೇಡಿ. ಸುಮಾರು 35–40 ನ್ಯೂಟನ್ ಮೀಟರ್ ತಿರುಚುಬಲದಲ್ಲಿ ಬಿಗಿದಿರುವ, ತಿಂಗಳುಗಟ್ಟಲೆ ತುಳಿದು ಇನ್ನಷ್ಟು ಕಚ್ಚಿಕೊಂಡಿರುವ ಪೆಡಲಿಗೆ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟರೆ ಸೈಕಲ್ ಕ್ಲ್ಯಾಂಪಿನೊಳಗೇ ಗಿರ್ರನೆ ತಿರುಗುತ್ತದೆ. ಅದಕ್ಕೆ ಸೈಕಲನ್ನು ಇಳಿಸಿ ಎರಡೂ ಚಕ್ರ ನೆಲಕ್ಕೂರಿ ನಿಲ್ಲಿಸಿಕೊಳ್ಳಿ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಎಂಬುದನ್ನೂ ಮರೆಯಬೇಡಿ.