ಹೊಗೆ ಚೊಕ್ಕ, ಗಾಡಿ ಫೇಲ್

ಅಲ್ರೀ, ಹೊಗೆ ತಪಾಸಣೆ ಅಂತ ಹೆಸರಿಟ್ಟ ಮೇಲೆ ಹೊಗೆ ನೋಡಬೇಕೋ ಬೇಡವೋ? ಕ್ಯಾಲಿಫೋರ್ನಿಯಾದಲ್ಲಿ ಹಳೇ ಪಿಕಪ್ ಟ್ರಕ್ಕಿಗೆ ಬೇರೆ ಇಂಜಿನ್ ಕೂರಿಸಿದವರನ್ನ ಕೇಳಿ. ರೋಲರ್ ಮೇಲೆ ಗಂಟೆಗೆ 15 ಮೈಲಿ, ಆಮೇಲೆ 25 ಮೈಲಿ ಓಡಿಸಿ ಹೈಡ್ರೋಕಾರ್ಬನ್, ಕಾರ್ಬನ್ ಮೊನಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಅಳೆಯೋ ಯಂತ್ರ ಅಲ್ಲೇ ಇರತ್ತೆ. ಮೂರೂ ಮಿತಿಗಿಂತ ಎಷ್ಟೋ ಕೆಳಗೆ ಬಂದರೂ, ಇಂಜಿನ್ ಜೊತೆ ಬರಬೇಕಿದ್ದ ಕರೆಂಟಿನಲ್ಲಿ ತೆರೆದು ಮುಚ್ಚೋ ಒಂದು ಪುಟ್ಟ ಸೊಲೆನಾಯ್ಡ್ ವಾಲ್ವು ಜಾಗದಲ್ಲಿ ಇಲ್ಲ ಅಂದರೆ ಮುಗೀತು, ಫೇಲ್.

ಇತ್ತ 1975ರವರೆಗಿನ ಮಾಡೆಲ್ಲಿನ ಪೆಟ್ರೋಲ್ ಗಾಡಿಗೆ ಈ ಹೊಗೆ ತಪಾಸಣೆ, ಅಂದರೆ ಸ್ಮಾಗ್ ಚೆಕ್ಕೇ ಇಲ್ಲ. ಪಿಸ್ಟನ್ ರಿಂಗು ಸವೆದು ನೀಲಿ ಹೊಗೆ ಬಿಡಲಿ, ಕಾರ್ಬುರೇಟರ್ ಹಸಿ ಪೆಟ್ರೋಲ್ ಕಾರಲಿ, ಎರಡು ವರ್ಷಕ್ಕೊಮ್ಮೆ ಕರೆದು ಕೇಳೋರು ಯಾರೂ ಇಲ್ಲ. ಹಿಂದೆ ಈ ವಿನಾಯಿತಿ ವರ್ಷ ವರ್ಷ ಮುಂದೆ ಸರೀತಿತ್ತು, 30 ವರ್ಷ ತುಂಬಿದ ಗಾಡಿ ತಾನಾಗಿ ಹೊರಗೆ ಬೀಳ್ತಿತ್ತು. 2004ರಲ್ಲಿ ಕಾನೂನು ತಂದು ಅದನ್ನ 1976ರ ಗೆರೆಗೆ ಮೊಳೆ ಹೊಡೆದು ನಿಲ್ಲಿಸಿದರು. ಹಾಗಾಗಿ 1976ರ ಟ್ರಕ್ಕು ಇನ್ನು ಎಷ್ಟು ಮುದಿಯಾದರೂ ಸರದಿಯಲ್ಲಿ ನಿಲ್ಲಲೇಬೇಕು.

ನಿಯಮ ಇಷ್ಟು. ಕೂರಿಸೋ ಇಂಜಿನ್ ಗಾಡಿಯ ವರ್ಷದ್ದು ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. ಅದೇ ವರ್ಗದ ವಾಹನದಿಂದ ಬಂದಿರಬೇಕು. ಗಾಡಿ ಕ್ಯಾಲಿಫೋರ್ನಿಯಾದ ಹೊಗೆ ಮಾನದಂಡದ್ದಾದರೆ ಇಂಜಿನ್ನೂ ಅದೇ ಮಾನದಂಡದ್ದು ಬೇಕು. ಹೊಗೆ ನಿಯಂತ್ರಣಕ್ಕೆ ಆ ಇಂಜಿನ್ನಿಗೆ ಕಂಪನಿ ಕೊಟ್ಟಿದ್ದೆಲ್ಲವೂ ಇದ್ದು ಕೆಲಸ ಮಾಡಬೇಕು. ಇಷ್ಟೆಲ್ಲ ಸರಿ ಇದೆ ಅಂತ ರೆಫರಿ, ಅಂದರೆ ಇಂಥ ಗಾಡಿಗಳನ್ನ ನೋಡೋಕೆ ರಾಜ್ಯ ನೇಮಿಸಿದ ಪರೀಕ್ಷಕ, ನೋಡಿ ಬಾಗಿಲ ಕಂಬಕ್ಕೆ ಲೇಬಲ್ ಅಂಟಿಸಬೇಕು. ಆಮೇಲಷ್ಟೇ ಮಾಮೂಲಿ ಸ್ಟೇಷನ್ನಿನವರು ಗಾಡಿ ಮುಟ್ಟೋದು.

ಕಾಗದದ ಮೇಲೆ ಒಪ್ಪುವ ಮಾತೇ. ಆದರೆ 1978ರ ಟ್ರಕ್ಕಿಗೆ ಅದರದೇ ಸವೆದ ಇಂಜಿನ್ ಉಳಿಸಿಕೊಂಡವನು 1978ರ ಸಡಿಲ ಮಿತಿಯೊಳಗೆ ಇದ್ದರೆ ಸಾಕು. ಅದನ್ನ ಕಿತ್ತು 2004ರ ಫ್ಯೂಯೆಲ್ ಇಂಜೆಕ್ಷನ್ ಇಂಜಿನ್ ಹಾಕಿ ಊರಿಗೆ ಉಪಕಾರ ಮಾಡಿದವನು 2004ರ ಸಮಸ್ತ ಸಂಸಾರವನ್ನೂ ಹೊತ್ತು ತರಬೇಕು. ಇದಕ್ಕೇನನ್ನೋಣ?

ವರ್ಗದ ತಕರಾರು ನೋಡಿ. ಜನರಲ್ ಮೋಟರ್ಸ್, ಅಂದರೆ ಜಿಎಂನ 6.0 ಲೀಟರ್ ಇಂಜಿನ್ನುಗಳಾದ ಎಲ್‌ಕ್ಯೂ4, ಎಲ್‌ಕ್ಯೂ9 ಎರಡಕ್ಕೂ ಒಂದೇ ಬೀಡುಕಬ್ಬಿಣದ ಬ್ಲಾಕು. ಮುಖ್ಯ ವ್ಯತ್ಯಾಸ ಪಿಸ್ಟನ್ ತಲೆಯದ್ದು, ಒಂದರದ್ದು ತಗ್ಗು, ಇನ್ನೊಂದರದ್ದು ಚಪ್ಪಟೆ. ಜಿಎಂನದೇ ಎಸ್‌ಯುವಿ ಎಸ್ಕಲೇಡ್‌ನಿಂದ ಇಳಿಸಿದ ಎಲ್‌ಕ್ಯೂ9 ಅರ್ಧ ಟನ್ ಪಿಕಪ್ಪಿಗೆ ನಡೆಯತ್ತೆ. ಭಾರೀ ಪಿಕಪ್ಪಾದ 2500ಎಚ್‌ಡಿಯಿಂದ ಕಿತ್ತ ಎಲ್‌ಕ್ಯೂ4 ನಡೆಯಲ್ಲ, ಯಾಕಂದರೆ ಆ ಗಾಡಿಯ ಒಟ್ಟು ತೂಕದ ಅಂಕಿ 8,500 ಪೌಂಡ್ ದಾಟಿತ್ತು. ಗುಜರಿಯಲ್ಲಿ ಅಗ್ಗಕ್ಕೆ ಸಿಗೋದು ಈ ಎರಡನೇದೇ. ತಂದು, ತೊಳೆದು, ಕೂರಿಸಿ, ವೈರಿಂಗ್ ಮುಗಿಸಿದ ಮೇಲೆ ರೆಫರಿ ಬಾಯಲ್ಲಿ ಇದನ್ನ ಕೇಳೋರು ಎಷ್ಟೋ ಜನ.

ಇವೆಲ್ಲಕ್ಕಿಂತ ತಲೆ ಕೆಡಿಸೋದು ಪೆಟ್ರೋಲ್ ಆವಿ ಹಿಡಿಯೋ ವ್ಯವಸ್ಥೆ. ನ್ಯಾಯವಾಗಿ ಹೇಳಬೇಕಂದರೆ ಇದನ್ನ ಕೇಳೋದು ತಪ್ಪಲ್ಲ, ಟ್ಯಾಂಕಿನ ಆವಿ ಸೈಲೆನ್ಸರ್ ತುದೀಲಿ ಅಳತೆಗೆ ಸಿಗಲ್ಲ. ಆದರೆ ಹಳೇ ಟ್ಯಾಂಕಿನಲ್ಲಿ ಇದನ್ನ ನಡೆಸೋ ಪಾಡು ನಿಯಮ ಬರೆದವರಿಗೆ ಗೊತ್ತಿದೆಯಾ? 2000ದ ಆಸುಪಾಸಿನ ಜಿಎಂ ಇಂಜಿನ್ನಿನ ಕಂಪ್ಯೂಟರ್ ಸೋರಿಕೆ ಪರೀಕ್ಷೆ ಶುರು ಮಾಡೋಕೆ ಮುಂಚೆ ಇಂಜಿನ್ ತಣ್ಣಗಿರಬೇಕು, ಕೂಲಂಟ್ ಮತ್ತು ಒಳಗೆಳೆಯೋ ಗಾಳಿಯ ಉಷ್ಣಾಂಶ ಹತ್ತಿರ ಹತ್ತಿರ ಇರಬೇಕು, ಟ್ಯಾಂಕು ಶೇಕಡ 15ರಿಂದ 85ರೊಳಗೆ ತುಂಬಿರಬೇಕು. ಇಲ್ಲೇ ಎಡವಟ್ಟು. ಹಳೇ ಜಿಎಂ ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ತಿಳಿಸೋ ಫ್ಲೋಟು ಟ್ಯಾಂಕು ಬರಿದಾದಾಗ 0, ತುಂಬಿದಾಗ 90 ಓಮ್ ವಿದ್ಯುತ್ ರೋಧ ಕೊಡತ್ತೆ. ಹೊಸ ಕಂಪ್ಯೂಟರ್ ಎದುರು ನೋಡೋದು 40ರಿಂದ 250 ಓಮ್. ಅರ್ಧ ಟ್ಯಾಂಕಿಗೆ ಬರೋ 45 ಓಮ್ ಅದರ ಲೆಕ್ಕದಲ್ಲಿ ಖಾಲಿ ಟ್ಯಾಂಕು. ಪೂರ್ತಿ ತುಂಬಿಸಿದರೂ ಕಾಲು ಭಾಗ ಅಂತಲೇ ತಿಳಿಯತ್ತೆ. ಹಾಗಾಗಿ ಟ್ಯಾಂಕು ಹೆಚ್ಚುಕಮ್ಮಿ ತುಂಬಿರದಿದ್ದರೆ ಪರೀಕ್ಷೆ ಶುರುವೇ ಆಗಲ್ಲ, ಮಾನಿಟರ್, ಅಂದರೆ ಕಂಪ್ಯೂಟರ್ ತನ್ನನ್ನ ತಾನೇ ನೋಡಿಕೊಳ್ಳೋ ಪರೀಕ್ಷೆ, ಮುಗಿದು 'ರೆಡಿ' ಆಗಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತಿರಲ್ಲ, ಹಾಗಾಗಿ ತಪ್ಪೆಲ್ಲಿ ಅಂತ ಹೊಳೆಯೋದೂ ಇಲ್ಲ. 40-250ರ ಫ್ಲೋಟು ಹಾಕಿದರೆ ಕಂಪ್ಯೂಟರ್‌ಗೆ ಸಮಾಧಾನ, ಡ್ಯಾಶ್‌ಬೋರ್ಡಿನ ಹಳೇ ಮುಳ್ಳು ಸುಳ್ಳು ಹೇಳೋಕೆ ಶುರು ಮಾಡತ್ತೆ. ಅದಕ್ಕೊಂದು ಪರಿವರ್ತಕ ಹಾಕಿ. ಟ್ಯಾಂಕಿನ ನೆತ್ತಿಗೆ ಒತ್ತಡದ ಸೆನ್ಸರ್ ಕೂರಿಸಿ, ಆವಿ ಹಿಡಿದಿಡೋ ಇದ್ದಿಲ ಡಬ್ಬಿ ಕ್ಯಾನಿಸ್ಟರ್‌ಗೆ ಗಾಳಿ ಬಿಡೋ ವೆಂಟ್ ವಾಲ್ವು, ಆವಿಯನ್ನ ಇಂಜಿನ್ ಕಡೆಗೆ ಬಿಡೋ ಪರ್ಜ್ ವಾಲ್ವು. ಇಷ್ಟಾದ ಮೇಲೆ ಐವತ್ತು ವರ್ಷದ ಮುಚ್ಚಳದ ರಬ್ಬರ್ ಗಾಳಿ ಬಿಟ್ಟರೆ ದೊಡ್ಡ ಸೋರಿಕೆ ಅನ್ನೋ ದೋಷ ಸಂಕೇತ, ಪಿ0455.

ಹಳೇ ಗೇರ್‌ಬಾಕ್ಸ್ ಉಳಿಸಿಕೊಂಡರೆ ಇನ್ನೊಂದು ಗೋಳು. ಜಿಎಂನ ಹೊಸ ಆಟೋಮ್ಯಾಟಿಕ್ 4ಎಲ್60ಇ ಗೇರ್‌ಬಾಕ್ಸ್ ವೇಗ ತಿಳಿಸೋಕೆ ಹೊರ ಶಾಫ್ಟಿನ ಒಂದು ಸುತ್ತಿಗೆ 40 ಪಲ್ಸ್ ಕಳಿಸತ್ತೆ, ಕೇಬಲ್ ಸ್ಪೀಡೋಮೀಟರ್ ಒಂದನ್ನೂ ಕಳಿಸಲ್ಲ. ಗಾಡಿ ಓಡ್ತಿರೋದೇ ಕಂಪ್ಯೂಟರ್‌ಗೆ ಗೊತ್ತಾಗದಿದ್ದರೆ ಹೊಗೆಯನ್ನ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ನ ಪರೀಕ್ಷೆ ಮುಗಿಯೋದೆಲ್ಲಿಂದ? ಇಂಜಿನ್ನಿಂದ ಹೊಗೆ ಹೊರತರೋ ಹೆಡರನ್ನ ಉದ್ದ ಪೈಪಿನದ್ದು ಹಾಕಿ ಕನ್ವರ್ಟರನ್ನ ಹಿಂದಕ್ಕೆ ತಳ್ಳಿದರೆ ಅದು ಬಿಸಿಯಾಗೋದು ತಡ. ಅದೂ ಅಲ್ಲದೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ (ಇಒ) ಇಲ್ಲದ ಹೆಡರ್ ಕಂಡ ಕ್ಷಣವೇ ವಾಪಸ್.

2000ನೇ ಇಸವಿಯ ಈಚಿನ ಟ್ರಕ್ಕಾದರೆ ಸಾಫ್ಟ್‌ವೇರ್‌ಗೂ ಕಣ್ಣು. 2021ರ ಜುಲೈ 19ರಿಂದ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಗಿದೆಯಾ ಅಂತ ನೋಡ್ತಾರೆ. ರೇಸಿಗೆ ಟ್ಯೂನ್ ಮಾಡಿದವರನ್ನ ಹಿಡಿಯಲಿ, ಬೇಡ ಅಂದೋರ್ಯಾರು? ಆದರೆ ಬೇರೆ ಗಾಡಿಯ ಇಂಜಿನ್ ಸ್ಟಾರ್ಟ್ ಆಗಬೇಕಂದರೆ ಕಳ್ಳತನ ತಡೆಯೋ ಬೀಗವನ್ನ ಸಾಫ್ಟ್‌ವೇರಿನಲ್ಲಿ ತೆಗೆಯಲೇಬೇಕಾಗತ್ತೆ. ಇಂಧನವನ್ನ ಒಂದು ಹನಿಯೂ ಬದಲಿಸದ ಈ ತಿದ್ದುಪಡಿಯೂ ತಿದ್ದುಪಡಿಯೇ!

ಕೈ ಹಾಕೋರು ಗುಜರಿಯಲ್ಲಿ ಬರೀ ಇಂಜಿನ್ ಕೊಳ್ಳಬೇಡಿ. ಎರಡೂ ಕನ್ವರ್ಟರು ಪೈಪಿನ ಸಮೇತ, ಮುಂದಿನ ಹಿಂದಿನ ಆಕ್ಸಿಜನ್ ಸೆನ್ಸರುಗಳು, ಕ್ಯಾನಿಸ್ಟರ್ ಮತ್ತು ಅದರ ವಾಲ್ವುಗಳು, ಟ್ಯಾಂಕಿನ ಸೆನ್ಸರು, ಕಂಪ್ಯೂಟರ್, ಕತ್ತರಿಸದ ವೈರಿಂಗ್, ಹೊಗೆಯನ್ನ ಮತ್ತೆ ಇಂಜಿನ್ನಿಗೆ ತಿರುಗಿಸೋ ಇಜಿಆರ್ ಇದ್ದಲ್ಲಿ ಅದೂ ಒಟ್ಟಿಗೇ ಬರಲಿ. ಬಾನೆಟ್ ಕೆಳಗಿನ ಹೊಗೆ ಲೇಬಲ್ಲಿನ ಫೋಟೋ, ಆ ಗಾಡಿಯ ಗುರುತಿನ ಸಂಖ್ಯೆ (ವಿಐಎನ್) ಬರೆದ ರಸೀತಿ ಜೋಪಾನ. ರೆಫರಿ ಹತ್ತಿರ ಹೋಗೋ ಮುಂಚೆ ಸ್ಕ್ಯಾನರ್ ಹಾಕಿ ಮಾನಿಟರ್‌ಗಳೆಲ್ಲ ರೆಡಿ ಇವೆಯಾ ನೋಡಿ. ಬ್ಯಾಟರಿ ವೈರ್ ಮಾತ್ರ ಬಿಚ್ಚಬೇಡಿ, ಬಿಚ್ಚಿದರೆ ಮಾನಿಟರ್‌ಗಳೆಲ್ಲ ಅಳಿಸಿಹೋಗಿ ಮತ್ತೆ ಮೊದಲಿಂದ.